ಚಿನ್ನುಗೆ ಆಕ್ಸಿಜನ್ ಚೇಂಬರ್ ಬೇಕಾ?

ಮಂಡ್ಯ, 16 ನವೆಂಬರ್ 2025, ಭಾನುವಾರ

ತಂಗಿ ಈ ಸಲದ ಕಬ್ಬಿನ ದುಡ್ಡನ್ನು ಮುಟ್ಟದೆ ಎತ್ತಿಟ್ಟಿದ್ದಾಳೆ. ಮಗ ಚಿನ್ನುಗೆ ಹೈಪರ್‌ಬೇರಿಕ್ ಆಕ್ಸಿಜನ್ ಥೆರಪಿ ಮಾಡಿಸಬೇಕಂತೆ. ಒಂದು ಸೆಂಟರಿನವರು 40 ಸಿಟ್ಟಿಂಗಿನ ಪ್ಯಾಕೇಜ್ ಹೇಳಿದ್ದಾರೆ. ಮಗು ದಿನಾ ಒಂದು ಗಂಟೆ ಮುಚ್ಚಿದ ಚೇಂಬರಿನೊಳಗೆ ಮಲಗಬೇಕು. ಒಳಗೆ ಒತ್ತಡ ಏರಿಸಿ ಶುದ್ಧ ಆಕ್ಸಿಜನ್ ಕೊಡುತ್ತಾರೆ. ಮಿದುಳಿನಲ್ಲಿ ನಿದ್ದೆ ಹೋಗಿರುವ ಜೀವಕೋಶಗಳು ಅದರಿಂದ ಎಚ್ಚರವಾಗುತ್ತವೆ ಅನ್ನುವುದು ಅವರ ಮಾತು. ಸುಧಾರಿಸಿದ ಮಕ್ಕಳ ವಿಡಿಯೋನೂ ತೋರಿಸಿದ್ದಾರೆ.

ಈ ವಾರ ಸ್ಕೂಲು ಬಿಟ್ಟ ಮೇಲೆಲ್ಲ ಇದನ್ನೇ ಓದಿದೆ. ಇವತ್ತು ಗುತ್ತಲಿಗೆ ಹೋಗಿ ತಂಗಿ ಜೊತೆ ಕೂತು ಮಾತಾಡಿ ಬಂದೆ. ಇಂಥದ್ದೇ ಮಗುವಿರುವ ಬೇರೆ ಮನೆಯವರಿಗೂ ಉಪಯೋಗ ಆಗಬಹುದು, ಅದಕ್ಕೆ ಬರೆಯುತ್ತಿದ್ದೇನೆ.

ಚಿನ್ನುಗೆ ಈಗ ಐದು ವರ್ಷ. ಏಳು ತಿಂಗಳಿಗೇ ಹುಟ್ಟಿದವನು. ಸೆರೆಬ್ರಲ್ ಪಾಲ್ಸಿ (ಸಿಪಿ), ಅಂದರೆ ಬೆಳೆಯುವ ಮಿದುಳಿಗೆ ಆದ ಪೆಟ್ಟಿನಿಂದ ಮೈಕೈ ಚಲನೆಗೆ ಬರುವ ತೊಂದರೆ. ಕಾಲು ಎರಡೂ ಬಿಗಿ, ಕೈ ಪರವಾಗಿಲ್ಲ. ಗೋಡೆ ಹಿಡಿದು ನಿಲ್ಲುತ್ತಾನೆ. ಮಾತಿಗಾಗಿ ತಂಗಿ ಅವನನ್ನು ಎತ್ತಿಕೊಂಡು ರೈಲಿನಲ್ಲಿ ಮೈಸೂರಿಗೆ, ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆಗೆ ಓಡಾಡುತ್ತಾಳೆ. 'ದೊಡ್ಡಮ್ಮ' ಅನ್ನುವುದು ಅವನ ಬಾಯಲ್ಲಿ ಬಂದ ದಿನ ನನಗೆ ರಾತ್ರಿ ನಿದ್ದೆಯೇ ಬರಲಿಲ್ಲ.

ಚೇಂಬರ್ ಸುಳ್ಳು ಯಂತ್ರ ಅಲ್ಲ, ಅದನ್ನು ಮೊದಲೇ ಹೇಳಬೇಕು. ಸಮುದ್ರದ ಆಳದಿಂದ ಬೇಗ ಮೇಲೆ ಬಂದ ಡೈವರ್‌ಗಳಿಗೆ, ಕಾರ್ಬನ್ ಮಾನಾಕ್ಸೈಡ್ ವಿಷ ಏರಿದವರಿಗೆ, ಶುಗರ್ ಇರುವವರ ಕಾಲಿನ ಕೆಲವು ವಾಸಿಯಾಗದ ಹುಣ್ಣಿಗೆ ಇದನ್ನು ಬಳಸುತ್ತಾರೆ. ಗೋಲಿ ಸೋಡಾದಲ್ಲಿ ಒತ್ತಡಕ್ಕೆ ಗ್ಯಾಸ್ ನೀರಲ್ಲಿ ಕರಗಿರುತ್ತದಲ್ಲ, ಚೇಂಬರಿನಲ್ಲಿ ಆಕ್ಸಿಜನ್ ಹಾಗೆ ರಕ್ತದ ನೀರಿನಂಶದಲ್ಲಿ ಕರಗುತ್ತದೆ. ಆಕ್ಸಿಜನ್ ತಲುಪದೆ ಒದ್ದಾಡುತ್ತಿರುವ ಜಾಗಕ್ಕೆ ಇದರಿಂದ ಉಪಕಾರ ಇದೆ.

ಚಿನ್ನು ಮಿದುಳಿಗೆ ಇವತ್ತು ಆಕ್ಸಿಜನ್ ಕೊರತೆ ಇದೆಯಾ? ಇಲ್ಲ. ಕೋವಿಡ್ ಕಾಲದಲ್ಲಿ ತಂದ ಆಕ್ಸಿಮೀಟರ್ ಇನ್ನೂ ಅವರ ಮನೆಯಲ್ಲಿದೆ. ಅವನ ಬೆರಳಿಗೆ ಹಾಕಿ ತಂಗಿಗೆ ತೋರಿಸಿದೆ, 98. ಪೆಟ್ಟು ಬಿದ್ದದ್ದು ಹುಟ್ಟುವ ಹೊತ್ತಿನಲ್ಲಿ. ಅವತ್ತು ಸತ್ತ ಜೀವಕೋಶ ಐದು ವರ್ಷ ಆದ ಮೇಲೆ ಎದ್ದು ಬರುವುದಿಲ್ಲ.

ತಂಗಿ ಸುಮ್ಮನಾಗಲಿಲ್ಲ. "ಮತ್ತೆ ಆ ವಿಡಿಯೋದಲ್ಲಿ ಇರೋ ಮಕ್ಳು ಚೆನ್ನಾಗ್ ಆಗವ್ರಲ್ಲಕ್ಕ?" ಅಂದಳು. ಒಳ್ಳೆಯ ಪ್ರಶ್ನೆ. ಇದಕ್ಕೆ ಉತ್ತರ ಕೆನಡಾದ ಕ್ವಿಬೆಕ್‌ನಲ್ಲಿ ಸಿಕ್ಕಿದೆ. ಅಲ್ಲಿನ ಅಧ್ಯಯನ 2001ರಲ್ಲಿ 'ಲ್ಯಾನ್ಸೆಟ್' ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಬಂದದ್ದು. ಸಿಪಿ ಇರುವ 111 ಮಕ್ಕಳು, 3ರಿಂದ 12 ವರ್ಷದವರು. ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಮಾಮೂಲಿಗಿಂತ 1.75 ಪಟ್ಟು ಒತ್ತಡದಲ್ಲಿ ಶುದ್ಧ ಆಕ್ಸಿಜನ್. ಇನ್ನೊಂದಕ್ಕೆ 1.3 ಪಟ್ಟು ಒತ್ತಡದಲ್ಲಿ ಬರೀ ಗಾಳಿ. ಎಲ್ಲರಿಗೂ 40 ಸಿಟ್ಟಿಂಗ್. ಕೊನೆಗೆ ನೋಡಿದರೆ ಎರಡೂ ಗುಂಪಿನ ಮಕ್ಕಳು ಸುಧಾರಿಸಿದ್ದರು, ಹೆಚ್ಚು ಕಮ್ಮಿ ಒಂದೇ ಸಮ! ಕಿವಿಯ ತೊಂದರೆ ಮಾತ್ರ ಆಕ್ಸಿಜನ್ ಗುಂಪಿನಲ್ಲಿ ಜಾಸ್ತಿ.

ಚೇಂಬರಿನ ಪರ ಇರುವವರು ಇದನ್ನು ಒಪ್ಪಲಿಲ್ಲ. 1.3 ಒತ್ತಡದ ಗಾಳಿಯೂ ಒಂದು ಔಷಧಿಯೇ, ಅದಕ್ಕೇ ಇಬ್ಬರಿಗೂ ಗುಣ ಕಂಡಿತು ಅಂದರು. ಇದಕ್ಕೆ 2012ರಲ್ಲಿ ಅಮೆರಿಕದವರು ಕೊಟ್ಟ ಉತ್ತರ ಓದಿ, ವಿಜ್ಞಾನದ ಮೇಡಂ ಆಗಿ ನನಗೆ ತುಂಬಾ ಖುಷಿಯಾಯಿತು. ಎರಡೂ ಗುಂಪಿಗೆ ಒತ್ತಡ ಒಂದೇ, 1.5. ಒಂದಕ್ಕೆ ಶುದ್ಧ ಆಕ್ಸಿಜನ್, ಇನ್ನೊಂದಕ್ಕೆ ಬರೀ ಶೇ 14 ಆಕ್ಸಿಜನ್ ಇರುವ ಗಾಳಿ. 14ನ್ನು ಒಂದೂವರೆಯಿಂದ ಗುಣಿಸಿ, 21 ಬರುತ್ತದೆ. ಅಂದರೆ ನಮ್ಮ ಮನೆ ಜಗಲಿ ಮೇಲೆ ಕೂತು ಉಸಿರಾಡಿದಷ್ಟೇ ಆಕ್ಸಿಜನ್. ಕಿವಿಗೆ ಒತ್ತಡ ಅನ್ನಿಸುತ್ತದೆ, ಆದರೆ ಯಾರಿಗೆ ಯಾವುದು ಅಂತ ಮನೆಯವರಿಗೆ ಗೊತ್ತಾಗುವುದಿಲ್ಲ. 49 ಮಕ್ಕಳು ಸೇರಿದ್ದರು. ಮಧ್ಯದಲ್ಲಿ ಲೆಕ್ಕ ಹಾಕಿದಾಗ, ಮುಂದುವರಿಸಿದರೂ ಎರಡು ಗುಂಪಿನ ನಡುವೆ ವ್ಯತ್ಯಾಸ ಕಾಣುವ ಸಾಧ್ಯತೆ ತೀರಾ ಕಡಿಮೆ ಇತ್ತು. ಅಧ್ಯಯನವನ್ನು ಅಲ್ಲಿಗೇ ನಿಲ್ಲಿಸಿದರು.

ಸೆಂಟರಿನವರು ತೋರಿಸಿದ್ದು ನಮ್ಮ ದೇಶದ್ದೇ, 2014ರ ಅಧ್ಯಯನ. ಅದರಲ್ಲಿ ಚೇಂಬರಿನ ಮಕ್ಕಳೇ ಮುಂದಿದ್ದಾರೆ, ನಿಜ. ಆದರೆ ಅಲ್ಲಿ ಗುಂಪುಗಳನ್ನು ಚೀಟಿ ಎತ್ತಿ ಮಾಡಿರಲಿಲ್ಲ. ಯಾರಿಗೆ ಏನು ಸಿಗುತ್ತಿದೆ ಅಂತ ಅಪ್ಪ ಅಮ್ಮನಿಗೂ ಗೊತ್ತಿತ್ತು. ಹಾಗಿದ್ದಾಗ ಅದರ ಮೇಲೆ ಭಾರ ಹಾಕಲು ನನಗೆ ಮನಸ್ಸು ಬರುವುದಿಲ್ಲ.

ಕ್ವಿಬೆಕ್‌ನ ಮಕ್ಕಳು ಯಾಕೆ ಸುಧಾರಿಸಿದರು ಅಂತ ತುಂಬಾ ಹೊತ್ತು ಯೋಚಿಸಿದೆ. ಸಿಪಿ ಇರುವ ಮಗುವೂ ಬೆಳೆಯುತ್ತದೆ, ಕಲಿಯುತ್ತದೆ. ಎರಡು ತಿಂಗಳು ದಿನಾ ಅಪ್ಪನೋ ಅಮ್ಮನೋ ಪಕ್ಕದಲ್ಲೇ ಇದ್ದು, ಆಡಿಸಿ, ಮಾತಾಡಿಸಿ, ಆಸೆಯಿಂದ ಕಾದಿದ್ದಾರೆ. ನನಗೆ ಕಾಣುವ ಕಾರಣ ಅದು. ಅದಕ್ಕೆ ಚೇಂಬರ್ ಬೇಡ.

ಅಪಾಯದ ಮಾತನ್ನು ತಂಗಿಗೆ ಹೇಳಲು ಕಷ್ಟವಾಯಿತು, ಆದರೂ ಹೇಳಿದೆ. ಶುದ್ಧ ಆಕ್ಸಿಜನ್ ತುಂಬಿದ ಜಾಗದಲ್ಲಿ ಒಂದು ಕಿಡಿ ಸಾಕು. 2009ರಲ್ಲಿ ಅಮೆರಿಕದ ಫ್ಲಾರಿಡಾದಲ್ಲಿ ಚೇಂಬರಿಗೆ ಬೆಂಕಿ ಬಿತ್ತು. ಒಳಗಿದ್ದದ್ದು ಸಿಪಿ ಇದ್ದ ನಾಲ್ಕು ವರ್ಷದ ಹುಡುಗ, ಅವನ ಜೊತೆಗೆ ಕೂತಿದ್ದ ಅಜ್ಜಿ. ಚಿಕಿತ್ಸೆಗೆ ಅಂತ ಇಟಲಿಯಿಂದ ಬಂದವರು. ಇಬ್ಬರೂ ಉಳಿಯಲಿಲ್ಲ. ಔಷಧಿ, ಚಿಕಿತ್ಸಾ ಯಂತ್ರಗಳಿಗೆ ಅನುಮತಿ ಕೊಡುವ ಅಮೆರಿಕದ ಎಫ್‌ಡಿಎ ಸಂಸ್ಥೆ 2013ರಲ್ಲೇ ಜನರಿಗೆ ಎಚ್ಚರಿಕೆ ಕೊಟ್ಟಿದೆ, ಸಿಪಿಗೆ ಈ ಚಿಕಿತ್ಸೆಗೆ ನಮ್ಮ ಅನುಮತಿ ಇಲ್ಲ ಅಂತ.

ಅಷ್ಟೆಲ್ಲ ಕೇಳಿ ತಂಗಿ ಒಂದೇ ಮಾತು ಕೇಳಿದಳು. "ನಾಳೆ ಅವ್ನು ದೊಡ್ಡವನಾಗಿ, ಅಮ್ಮ ನೀನ್ಯಾಕ್ ಮಾಡಿಸ್ಲಿಲ್ಲ ಅಂದ್ರೆ ಏನ್ ಹೇಳ್ಲಕ್ಕ?"

ಈ ಭಯಕ್ಕೇ ಪ್ಯಾಕೇಜ್ ಮಾರುತ್ತಾರೆ. ನನಗೆ ಸಿಟ್ಟಿರುವುದು ಅದರ ಮೇಲೆ. ತಾಯಿ ಮೇಲೆ ಒಂಚೂರೂ ಇಲ್ಲ. ಏನೂ ಮಾಡಬೇಡ ಅಂತ ನಾನು ಹೇಳುತ್ತಿಲ್ಲ, ಮಾಡಬೇಕಾದದ್ದು ರಾಶಿ ಇದೆ ಅಂದೆ. ಆಸ್ಟ್ರೇಲಿಯಾದ ಇಯೋನಾ ನೊವಾಕ್ ಮತ್ತು ಜೊತೆಯವರು 2013ರಲ್ಲಿ ಸಿಪಿಯ ಚಿಕಿತ್ಸೆಗಳನ್ನೆಲ್ಲ ಜಾಲಾಡಿ, ಟ್ರಾಫಿಕ್ ಸಿಗ್ನಲ್ ಬಣ್ಣದಲ್ಲಿ ಗುರುತು ಹಾಕಿದ್ದಾರೆ. ಚೇಂಬರಿಗೆ ಕೆಂಪು. ಹಸಿರಿನಲ್ಲಿ ಇರುವುದು ನೋಡಿ: ಮಗು ಯಾವ ಕೆಲಸ ಕಲಿಯಬೇಕೋ ಅದನ್ನೇ ಮತ್ತೆ ಮತ್ತೆ ಮಾಡಿಸುವುದು, ಥೆರಪಿಸ್ಟ್ ಹೇಳಿಕೊಟ್ಟದ್ದನ್ನು ಮನೆಯಲ್ಲಿ ಮಾಡಿಸುವುದು, ಬಿಗಿಯಾದ ಸ್ನಾಯು ಸಡಿಲಿಸಲು ಬೊಟುಲಿನಮ್ ಇಂಜೆಕ್ಷನ್, ಸೊಂಟದ ಕೀಲಿನ ಮೇಲೆ ಕಣ್ಣಿಡುವುದು.

ಈ ಕೊನೆಯದನ್ನು ತಂಗಿಗೆ ಯಾರೂ ಹೇಳೇ ಇರಲಿಲ್ಲ. ಸಿಪಿ ಇರುವ ಮಕ್ಕಳಲ್ಲಿ ಸುಮಾರು ಮೂವರಲ್ಲಿ ಒಬ್ಬರಿಗೆ ಸೊಂಟದ ಕೀಲು ಜರುಗುತ್ತದೆ. ಶುರುವಿನಲ್ಲಿ ನೋವೇ ಇರುವುದಿಲ್ಲ. ಎಕ್ಸ್‌ರೇ ತೆಗೆಸುತ್ತಿದ್ದರೆ ಮಾತ್ರ ಬೇಗ ಗೊತ್ತಾಗುತ್ತದೆ. ಚಿನ್ನುಗೆ ಇದುವರೆಗೆ ಒಂದೂ ತೆಗೆಸಿಲ್ಲ.

ಹಾಗಾಗಿ ಮೊದಲ ಖರ್ಚು ಅದಕ್ಕೆ. ಆಮೇಲೆ ಹೊಸ ಕಾಲಿನ ಸ್ಪ್ಲಿಂಟ್, ಹಳೆಯದು ಚಿಕ್ಕದಾಗಿದೆ. ಉಳಿದದ್ದು ಮನೆಗೇ ಬಂದು ಫಿಸಿಯೋಥೆರಪಿ ಮಾಡಿಸುವವರಿಗೆ. ಸಿಪಿಯಂಥ ತೊಂದರೆ ಇರುವವರಿಗೆ ಸರ್ಕಾರದ ನಿರಾಮಯ ಆರೋಗ್ಯ ವಿಮೆ ಇದೆ, ಅದಕ್ಕೂ ಅರ್ಜಿ ಹಾಕಿಸಬೇಕು. ವರ್ಷಕ್ಕೆ ಒಂದು ಲಕ್ಷದವರೆಗೆ ಸಿಗುತ್ತದೆ, ಥೆರಪಿಯ ಖರ್ಚೂ ಅದರಲ್ಲಿ ಸೇರುತ್ತದೆ.

ತಂಗಿ ಪೂರ್ತಿ ಒಪ್ಪಿದಳೋ ಇಲ್ಲವೋ ಹೇಳಲಾರೆ. "ಆಯ್ತು, ಸೆಂಟರ್‌ನೋರು ಫೋನ್ ಮಾಡಿದ್ರೆ ನೀನೇ ಮಾತಾಡಕ್ಕ" ಅಂದಳು. ಮಾತಾಡುತ್ತೇನೆ. ಗುರುವಾರ ರಜೆ ಹಾಕಿ ಅವರಿಬ್ಬರನ್ನೂ ಮೂಳೆ ಡಾಕ್ಟರ ಹತ್ತಿರ ಕರೆದುಕೊಂಡು ಹೋಗುತ್ತಿದ್ದೇನೆ.