ಗ್ರೀಸಲ್ಲಿ ಮಕ್ಕಳಿಗೆ ಬೋರ್ ಆಗಲ್ವಾ? ನನ್ನ ಉತ್ತರ: ಒಲಿಂಪಿಯಾಗೆ ಹೋಗಿ

ನಾವು ಮಕ್ಕಳನ್ನ ಕಟ್ಕೊಂಡು ಗ್ರೀಸ್ ಸುತ್ತಿ ಬಂದವ್ರು ಅಂತ ಗೊತ್ತಾದ್ರೆ ಸಾಕು, ಎಲ್ರೂ ಕೇಳೋದು ಇದೇ, ಅಲ್ಲಿರೋದು ಬರೀ ಮುರ್ದು ಬಿದ್ದಿರೋ ಕಲ್ಲು ತಾನೇ, ಮಕ್ಕಳಿಗೆ ಬೋರ್ ಆಗಲ್ವಾ ಅಂತ. ಆಗುತ್ತೆ ಕಣ್ರೀ. ದೊಡ್ಡೋರಿಗೂ ಆಗುತ್ತೆ, ಟಿಕೆಟ್‌ಗೆ ದುಡ್ಡು ಕೊಟ್ಟಿರ್ತೀವಲ್ಲ, ಬಾಯಿ ಬಿಡಲ್ಲ ಅಷ್ಟೆ. ಅದಕ್ಕೇ ನಾನು ಹೇಳೋದು, ಐದಾರು ಜಾಗ ಎಳ್ಕೊಂಡು ತಿರುಗ್ಬೇಡಿ, ಹಳೇ ಕಾಲದ ಒಲಿಂಪಿಕ್ಸ್ ಆಟ ನಡೀತಿದ್ದ ಒಲಿಂಪಿಯಾ ಒಂದು ಸರಿಯಾಗಿ ತೋರ್ಸಿ. ಅಥೆನ್ಸ್‌ನಿಂದ ಕಾರಲ್ಲಿ ಹೆಚ್ಚುಕಮ್ಮಿ ನಾಲ್ಕು ಗಂಟೆ. ದೂರಾನೇ, ಆದ್ರೂ ಹೋಗಿ.

ಯಾಕಂದ್ರೆ ಅಲ್ಲಿ ಮಕ್ಕಳು ಓಡ್ಬಹುದು. ಬೇರೆ ಕಡೆ ಎಲ್ಲಿ ನೋಡಿದ್ರೂ ಹಗ್ಗ ಕಟ್ಟಿರ್ತಾರೆ, ಕಲ್ಲು ಹತ್ತಿದ್ರೆ ಗಾರ್ಡ್ ಸೀಟಿ ಊದ್ತಾರೆ (ಇಲ್ಲೂ ಊದ್ತಾರೆ, ಕಂಬಗಳ ಹತ್ರ ಹುಷಾರು). ಸ್ಟೇಡಿಯಂ ಮಾತ್ರ ಖಾಲಿ ಮಣ್ಣಿನ ಬಯಲು. ಕಲ್ಲಿನ ಕಮಾನು ದಾಟಿ ಒಳಗೆ ಹೋದ್ರೆ ಓಟ ಶುರುವಾಗ್ತಿದ್ದ ಗೆರೆಯ ಕಲ್ಲುಗಳು ಇನ್ನೂ ಅಲ್ಲೇ ಇವೆ, ಅದರಲ್ಲಿ ಉದ್ದಕ್ಕೂ ಎರಡು ಗೀರು ಕೊರ್ದಿದಾರೆ, ಕಾಲ್ಬೆರಳು ಊರೋಕೆ. ಎರಡಕ್ಕೂ ನಡುವೆ ಒಂದು ಗೇಣೂ ಇಲ್ಲ, ಅಂದ್ರೆ ಈಗಿನೋರ ಹಾಗೆ ಬಗ್ಗಿ ಕೈ ಊರೋದಲ್ಲ, ನಿಂತಲ್ಲಿಂದಲೇ ಓಟ. ನನ್ನ ಮಗಳು ಬೆರಳು ಸಿಗ್ಸಿ ನೋಡಿದ್ಲು, ಆಮೇಲೆ 192 ಮೀಟರ್ ಓಡಿ ಆ ತುದಿ ಮುಟ್ಟಿ ವಾಪಸ್ ಬಂದು ಏದುಸಿರು ಬಿಡ್ತಾ, ಹುಡ್ಗೀರೂ ಓಡ್ತಿದ್ರಾ ಅಂದ್ಲು. ಓಡ್ತಿದ್ರು, ಹೇರಾ ದೇವಿ ಹೆಸರಲ್ಲಿ ಅವ್ರಿಗೇ ಬೇರೆ ಆಟ ಇತ್ತು, ಟ್ರ್ಯಾಕ್ ಮಾತ್ರ ಆರರಲ್ಲಿ ಒಂದು ಭಾಗ ಕಮ್ಮಿ. ಗಂಡಸರ ಆಟ ನೋಡೋಕೆ ಮದುವೆಯಾದ ಹೆಂಗಸರನ್ನ ಸೇರಿಸ್ತಾನೇ ಇರ್ಲಿಲ್ಲ, ಡಿಮೀಟರ್ ದೇವಿಯ ಪೂಜಾರಿಣಿ ಒಬ್ಬರನ್ನ ಬಿಟ್ಟು. 2004ರ ಒಲಿಂಪಿಕ್ಸ್‌ನಲ್ಲಿ ಇದೇ ಮೈದಾನದಲ್ಲಿ ಹೆಂಗಸರ ಶಾಟ್‌ಪುಟ್ ಮಾಡಿದ್ರು, ಅದನ್ನೂ ಹೇಳಿ.

ಮೊದಲ ಆಟ ಕ್ರಿಸ್ತಪೂರ್ವ 776ರಲ್ಲಿ, ಕಂಬ ಡೋರಿಕ್ ಶೈಲೀದು, ಇವೆಲ್ಲ ಬಿಟ್ಬಿಡಿ. ಮೋಸದ ಕಥೆ ಹೇಳಿ. ಸ್ಟೇಡಿಯಂ ದಾರೀಲಿ ಸಾಲಾಗಿ ಕಲ್ಲಿನ ಪೀಠಗಳು ಕಾಣ್ಸುತ್ವೆ, ಎಲ್ರೂ ಸೆಲ್ಫಿ ತಗೊಳ್ತಾ ದಾಟಿ ಹೋಗ್ತಾರೆ, ನೀವು ನಿಲ್ಸಿ. ಅದರ ಮೇಲೆ ಗ್ರೀಕರ ದೇವರುಗಳ ರಾಜ ಜ್ಯೂಸ್‌ನ ಕಂಚಿನ ಮೂರ್ತಿಗಳಿದ್ವು, ಮಾಡ್ಸಿದ್ದು ಮೋಸ ಮಾಡಿ ಸಿಕ್ಕಿಬಿದ್ದ ಆಟಗಾರರ ದಂಡದ ದುಡ್ಡಲ್ಲಿ! ಮೊದಲು ಸಿಕ್ಕಿಬಿದ್ದೋನು ಯೂಪೊಲಸ್ ಅನ್ನೋ ಬಾಕ್ಸರ್, ಕ್ರಿಸ್ತಪೂರ್ವ 388ರಲ್ಲಿ ಎದುರಾಳಿಗಳಿಗೆ ಲಂಚ ಕೊಟ್ಟಿದ್ದ. ಗೆಲ್ಲೋದು ದುಡ್ಡಿಂದಲ್ಲ, ಕಾಲಿನ ವೇಗ ಮತ್ತೆ ಮೈ ಬಲದಿಂದ ಅಂತ ಮೂರ್ತಿ ಮೇಲೆ ಬರ್ಸಿದ್ರಂತೆ. ಓಡೋಕೆ ಹೋಗೋ ಪ್ರತಿಯೊಬ್ಬನೂ ಇದನ್ನ ದಾಟೇ ಹೋಗ್ಬೇಕಿತ್ತು, ಅದೇ ಪ್ಲಾನು. ಆಟಗಾರರು ಬಟ್ಟೇನೇ ಹಾಕ್ತಿರ್ಲಿಲ್ಲ ಅಂತಾನೂ ಹೇಳಿದ್ರೆ ಮುಂದಿನ ಅರ್ಧ ಗಂಟೆ ಬರೀ ಕಿಸಿಕಿಸಿ, ತಯಾರಾಗಿರಿ.

ಜ್ಯೂಸ್ ದೇವಸ್ಥಾನ ಭೂಕಂಪಕ್ಕೆ ಬಿದ್ದಿದೆ, ಒಂದು ಕಂಬ ಮಾತ್ರ ಮತ್ತೆ ನಿಲ್ಸಿದಾರೆ, ಐದು ನಿಮಿಷ ಸಾಕು.

ಬಿಸಿಲೇರಿದ ಮೇಲೆ ಮ್ಯೂಸಿಯಂ. ಎಲ್ಲಾ ಮೂರ್ತಿ ನೋಡ್ಬೇಕು ಅಂತ ಹಠ ಬೇಡ. ಬೈಬಾನ್ ಕಲ್ಲು ಹುಡುಕಿ, ಸುಮಾರು 143 ಕೆಜಿ, ಬೈಬಾನ್ ಅನ್ನೋನು ಒಂದೇ ಕೈಲಿ ನನ್ನ ತಲೆ ಮೇಲೆ ಎತ್ತಿದ ಅಂತ ಕಲ್ಲೇ ಹೇಳೋ ಹಾಗೆ ಕೆತ್ತಿದಾರೆ. ನಮ್ಮ ಉತ್ತರ ಕರ್ನಾಟಕದ ಜಾತ್ರೇಲಿ ಸಂಗ್ರಾಣಿ ಕಲ್ಲು ಎತ್ತೋದು ನೋಡಿದೋರಿಗೆ ಇದು ಥಟ್ ಅಂತ ಅರ್ಥ ಆಗುತ್ತೆ, ಆದ್ರೂ ಒಂದೇ ಕೈಲಿ ಅನ್ನೋದು ನಂಗೆ ಸ್ವಲ್ಪ ಡೌಟು.

ಹಾಗಾದ್ರೆ ಅಥೆನ್ಸ್‌ನ ಗುಡ್ಡದ ಮೇಲಿರೋ ಹಳೇ ದೇವಸ್ಥಾನಗಳ ಜಾಗ, ಅಕ್ರೋಪೊಲಿಸ್, ಬಿಟ್ಬಿಡೋದಾ ಅಂತ ಕೇಳ್ತೀರ. ಬಿಡ್ಬೇಡಿ, ಆದ್ರೆ ಗೇಟ್ ತೆಗ್ಯೋ ಹೊತ್ತಿಗೇ ಅಥವಾ ಸಂಜೆ ಹೋಗಿ, ನೆರಳಿಲ್ಲ, ಸವೆದ ಅಮೃತಶಿಲೆ ಮೇಲೆ ಚಪ್ಪಲಿ ಜಾರುತ್ತೆ, ಶೂ ಹಾಕ್ಸಿ. ಬೇಸಿಗೇಲಿ ಬಿಸಿಲು ತೀರಾ ಜಾಸ್ತಿಯಾದ್ರೆ ಮಧ್ಯಾಹ್ನ ಮುಚ್ಚಿಬಿಡ್ತಾರೆ, 2023ರ ಜುಲೈನಲ್ಲಿ ಹಾಗೇ ಆಗಿತ್ತು, ಅದಕ್ಕೇ ಏಪ್ರಿಲ್ ಇಲ್ಲಾ ಅಕ್ಟೋಬರ್‌ಗೆ ಟಿಕೆಟ್ ಮಾಡ್ಸಿ.