ಮೀನುಗಳನ್ನು ಹಾಡಿದ ರಾಜಕುಮಾರ

ಸಯಾಮಿನ (ಇಂದಿನ ಥಾಯ್ಲೆಂಡ್) ರಾಜಕುಮಾರ, ಕವಿ ತಮ್ಮತಿಬೆಟ್ ಬಗ್ಗೆ ಬರೆಯುವವರು ಜಾಸ್ತಿ ಅವನ ಸಾವಿನಿಂದಲೇ ಶುರು ಮಾಡುತ್ತಾರೆ. ನಾನು ಮೀನುಗಳಿಂದ ಶುರು ಮಾಡುತ್ತೇನೆ.

ರಾಜದೋಣಿಗಳ ಮೆರವಣಿಗೆಯಲ್ಲಿ ಹುಟ್ಟು ಹಾಕುತ್ತಾ ಹಾಡುವ ಅವನ ದೋಣಿಹಾಡಿನಲ್ಲಿ ಒಂದು ಭಾಗ ಪೂರ್ತಿ ಮೀನುಗಳದ್ದೇ. ಹೊನ್ನಿನ ಬಣ್ಣದ ಮೀನು ಕಂಡರೆ ದೂರದ ನಲ್ಲೆಯನ್ನು ನೆನೆದು, ಜರಿ ಹೊದ್ದ ನಿನ್ನ ಮುಂದೆ ಇದು ಏನೂ ಅಲ್ಲ ಎನ್ನುತ್ತಾನೆ. ಮುಖ ಹೊರಳಿಸುವ ಮೀನು ಕಂಡರೆ, ನಿನ್ನ ಓರೆನೋಟದಷ್ಟು ಚೆಂದವಿಲ್ಲ ಎನ್ನುತ್ತಾನೆ. ಬೆಳಿಗ್ಗೆ ದೋಣಿಗಳು, ಆಮೇಲೆ ಮೀನು, ಹೂವು, ಸಂಜೆಗೆ ಹಕ್ಕಿಗಳು. ರಾತ್ರಿಯಾದರೆ ಬರೀ ಅಳಲು. ಪ್ರತಿ ಸಾಲಿನಲ್ಲೂ 11 ಉಚ್ಚಾರಾಂಶ, 5 ಮತ್ತು 6 ಆಗಿ ಒಡೆದಿರುತ್ತದೆ. ಹುಟ್ಟು ಹಾಕುವವರಿಗೆ ಹೇಳಿ ಮಾಡಿಸಿದ ಲಯ.

ದೋಣಿಗಳ ಸಾಲಿನಲ್ಲಿ ಸುವರ್ಣಹಂಸ ಎಂಬ ರಾಜದೋಣಿಯೂ ಬರುತ್ತದೆ, ಬ್ರಹ್ಮನನ್ನು ಹೊತ್ತ ಹಂಸದ ಹಾಗೆ. ಅದನ್ನು ಓದಿದಾಗ ಈ ಕವಿ ನಮಗೆ ದೂರದವನಲ್ಲ ಅನ್ನಿಸಿತು. ಈಗಿರುವ ಹಂಸದೋಣಿ 1911ರದ್ದು. ತೇಗದ್ದು, ಸುಮಾರು 46 ಮೀಟರ್ ಉದ್ದ, ಹುಟ್ಟು ಹಾಕುವವರೇ 50 ಜನ. ಬ್ಯಾಂಕಾಕ್ ನೋಯ್ ಕಾಲುವೆ ಪಕ್ಕದ ಮ್ಯೂಸಿಯಂನಲ್ಲಿದೆ.

ಬದುಕು ಇಷ್ಟು ಚೆಂದವಿರಲಿಲ್ಲ. ಅಪ್ಪ ಬೊರೊಮ್ಮಕೋಟ್, ಆಗ ಸಯಾಮಿನ ರಾಜಧಾನಿಯಾಗಿದ್ದ ಅಯುತ್ತಯದ ರಾಜ. ಸನ್ಯಾಸಿಯಾಗಿದ್ದ ದಾಯಾದಿಯ ಮೇಲೆ ಇವನು ಕತ್ತಿ ಬೀಸಿದ. ಆ ದಾಯಾದಿ ಬದುಕಿಕೊಂಡ. ಅಪ್ಪನ ಸಿಟ್ಟಿಗೆ ಹೆದರಿ ಇವನೂ ಕಾವಿ ತೊಟ್ಟ. ಆ ಕಾವಿಯಲ್ಲಿದ್ದಾಗಲೇ, ಬುದ್ಧನ ಶಿಷ್ಯ ಮೊಗ್ಗಲ್ಲಾನ ನಾಗರಾಜನನ್ನು ಪಳಗಿಸಿದ ಪಾಲಿ ಕಥೆಯನ್ನು ಕಾವ್ಯವಾಗಿಸಿದ. ಅಪ್ಪ ಕ್ಷಮಿಸಿ, 1741ರಲ್ಲಿ ಯುವರಾಜನನ್ನಾಗಿ ಮಾಡಿದ. ಕೊನೆಗೆ ಅಪ್ಪನ ರಾಣಿಯರಲ್ಲಿ ಒಬ್ಬಳಾದ ಸಂಗ್ವಾನ್ ಜೊತೆಗಿನ ಸಂಬಂಧ ಬಯಲಾಯಿತು. ಛಡಿ ಏಟು ತಿಂದು ಸತ್ತ.

ಆ ಕತ್ತಿಯನ್ನು ನಾನು ಮನ್ನಿಸಲಾರೆ. ಹಾಗೆಯೇ, ದೋಣಿಹಾಡಿನ ಹೆಣ್ಣು ಸಂಗ್ವಾನೇ ಎಂದು ಓದುವುದನ್ನೂ ಒಪ್ಪಲಾರೆ. ಹಾಡಿನಲ್ಲಿ ಅವಳಿಗೆ ಹೆಸರಿಲ್ಲ. ಹೆಸರಿಟ್ಟ ಕೂಡಲೇ ಮೀನು, ಹೂವು ಎಲ್ಲವೂ ಬರೀ ಸಾಕ್ಷಿಗಳಾಗಿಬಿಡುತ್ತವೆ. ಅಷ್ಟು ಕಣ್ಣಿಟ್ಟು ನೀರು ನೋಡಿದವನಿಗೆ ಅದು ಅನ್ಯಾಯ ಅಲ್ವಾ?

1767ರಲ್ಲಿ ಬರ್ಮಾ ಸೈನ್ಯ ಅಯುತ್ತಯವನ್ನು ಸುಟ್ಟಿತು. ಹಾಡು ಉಳಿಯಿತು. 2024ರ ಅಕ್ಟೋಬರ್‌ನಲ್ಲಿ ಬ್ಯಾಂಕಾಕಿನ ಚಾವೊ ಫ್ರಾಯ ನದಿಯಲ್ಲಿ 52 ರಾಜದೋಣಿಗಳು ಸಾಗಿದಾಗಲೂ ಇದೇ ಬಗೆಯ ಹಾಡು ಕೇಳಿತು. ಅಯುತ್ತಯದ ಕಾಲ ಮುಗಿದ ಮೇಲೆ ಸಯಾಮಿನಲ್ಲಿ ಎರಡನೇ ರಾಮನೆಂದು ಪಟ್ಟಕ್ಕೆ ಬಂದ ಇನ್ನೊಬ್ಬ ರಾಜಕವಿಯಂತೂ ಇದೇ ಧಾಟಿಯಲ್ಲಿ ಅಡುಗೆಯನ್ನೇ ಹಾಡಿದ. ಶುರುವಿನಲ್ಲೇ ಮಸ್ಸಮನ್ ಸಾರು, ಅದರ ಜೀರಿಗೆ ಘಮ. ಮುಂದಿನ ಸಲ ಅದರ ಬಗ್ಗೆ ಬರೆಯುತ್ತೇನೆ.