ಟ್ಯಾಂಕಿನೊಳಗಿನ ಸವೆದ ತಂತಿ

ನಮ್ಮ ಕಾಕಾ ಅವರ ಅಂಬಾಸಿಡರ್ ಮಾರ್ಕ್ 4 ಕಾರಿನ ಪೆಟ್ರೋಲ್ ಮೀಟರಿಗೆ ಎರಡು ರೋಗಗಳಿದ್ದವು. ಟ್ಯಾಂಕ್ ಪೂರ್ತಿ ತುಂಬಿಸಿದರೂ ಮುಳ್ಳು ಮುಕ್ಕಾಲು ಗುರುತನ್ನು ದಾಟುತ್ತಿರಲಿಲ್ಲ. ಕಾಲು ಭಾಗದ ಹತ್ತಿರ ಬಂದ ಮೇಲಂತೂ, ಇನ್ನೂ ಎಷ್ಟೋ ಪೆಟ್ರೋಲ್ ಉಳಿದಿರುವಾಗಲೇ, ಒಮ್ಮೆಲೇ ಖಾಲಿ ಗುರುತಿಗೆ ಬಿದ್ದುಬಿಡುತ್ತಿತ್ತು. ವಕೀಲರಾಗಿದ್ದ ಕಾಕಾ ಆಳಂದ, ಅಫಜಲಪುರ, ಜೇವರ್ಗಿ ಕೋರ್ಟುಗಳಿಗೆ ಹೋಗುವಾಗಲೆಲ್ಲ ಹತ್ತು ಲೀಟರ್ ಹಾಕಿಸಿ, ಓಡಿದ ಕಿಲೋಮೀಟರುಗಳನ್ನು ಡೈರಿಯಲ್ಲಿ ಬರೆದುಕೊಂಡು ವರ್ಷಗಟ್ಟಲೆ ನಿಭಾಯಿಸಿದ್ದರು. ಕಾರು ನನ್ನ ಕೈಗೆ ಬಂದಾಗ ಡೈರಿಯ ಶಿಸ್ತು ನನಗೆ ಸಾಧ್ಯವಿಲ್ಲವೆಂದು ತೋರಿತು. ಹಾಗಾಗಿ ಮೀಟರನ್ನೇ ಸರಿಪಡಿಸಲು ಹೊರಟೆ.

ಕಲಬುರಗಿಯ ಹುಮನಾಬಾದ್ ರಸ್ತೆಯ ಬದಿಯಲ್ಲಿ ಹಳೆಯ ಗಾಡಿಗಳನ್ನು ಬಲ್ಲ ಮಿಸ್ತ್ರಿಯೊಬ್ಬರಿದ್ದಾರೆ. ಪೆಟ್ರೋಲಿನ ಮಟ್ಟವನ್ನು ಅಳೆದು ಮೀಟರಿಗೆ ತಿಳಿಸುವ ಟ್ಯಾಂಕ್ ಯೂನಿಟ್ಟನ್ನೇ ಹೊಸದು ಹಾಕಿಬಿಡೋಣವೇ ಎಂದು ಕೇಳಿದ್ದಕ್ಕೆ ಅವರು, "ತಡೀರಿ ಸಾಹೇಬ್ರ, ಮೊದಲ ಯಾರದು ತಪ್ಪು ಅಂತ ನೋಡೂಣು, ಆಮ್ಯಾಲ ಟಂಕಿ ಇಳಸೂಣು" ಎಂದರು. ಅವರ ಮಾತಿನಲ್ಲಿ ಹುರುಳಿತ್ತು. ಡ್ಯಾಶ್‌ಬೋರ್ಡಿನ ಮೀಟರ್, ಅಲ್ಲಿಂದ ಹಿಂದಕ್ಕೆ ಹೋಗುವ ಒಂದೇ ಒಂದು ವೈರ್, ಟ್ಯಾಂಕಿನೊಳಗಿನ ಯೂನಿಟ್ ಮತ್ತು ಟ್ಯಾಂಕಿನ ತಗಡಿನ ಮೂಲಕ ಕಾರಿನ ಲೋಹದ ಬಾಡಿಗೆ ಸೇರುವ ಅರ್ಥ್, ಅಂದರೆ ವಿದ್ಯುತ್ ಮರಳುವ ದಾರಿ, ಇವು ನಾಲ್ಕೂ ಸೇರಿದರೆ ಮಾತ್ರ ಮುಳ್ಳು ಸರಿಯಾದ ಜಾಗದಲ್ಲಿ ನಿಲ್ಲುತ್ತದೆ.

ನಮ್ಮ ಕಾರಿನ ಮೀಟರ್ ಕೀಲಿ ತಿರುಗಿಸಿದ ಕೂಡಲೇ ಜಿಗಿಯುವ ಜಾತಿಯದಲ್ಲ. ಅದರೊಳಗೆ ಎರಡು ಲೋಹಗಳನ್ನು ಬೆಸೆದ ಪಟ್ಟಿಯೊಂದಿದ್ದು, ಅದಕ್ಕೆ ಸುತ್ತಿದ ತಂತಿಯಲ್ಲಿ ವಿದ್ಯುತ್ ಹರಿದು ಬಿಸಿಯಾದಂತೆ ಪಟ್ಟಿ ಬಾಗಿ ಮುಳ್ಳು ನಿಧಾನವಾಗಿ ಮೇಲೇರುತ್ತದೆ. ಯೂನಿಟ್ಟಿನ ವೈರ್ ಕಳಚಿದಾಗ ಮುಳ್ಳು ಖಾಲಿಗೆ ಇಳಿಯಿತು. ಅದೇ ವೈರನ್ನು ಕೆಲವೇ ಕ್ಷಣ ಬಾಡಿಗೆ ತಾಗಿಸಿದಾಗ ಪೂರ್ತಿಯ ಕಡೆಗೆ ಏರತೊಡಗಿತು. ಹೆಚ್ಚು ಹೊತ್ತು ಹಿಡಿದರೆ ಮೀಟರಿನ ಒಳಸುತ್ತು ಸುಡುವ ಅಪಾಯವಿದೆ. ಅಲ್ಲಿಗೆ ಮೀಟರ್ ಮತ್ತು ವೈರ್ ನಿರ್ದೋಷಿಗಳೆಂದಾಯಿತು. ವೈರನ್ನು ಮತ್ತೆ ಜೋಡಿಸಿ, ಟ್ಯಾಂಕಿನ ತಗಡಿನಿಂದ ಬಾಡಿಗೆ ಬೇರೊಂದು ವೈರ್ ಕಟ್ಟಿದಾಗ ಮುಳ್ಳು ಕಣ್ಣಿಗೆ ಕಾಣುವಷ್ಟು ಮೇಲೆ ಸರಿಯಿತು. ಟ್ಯಾಂಕ್ ಕೂರುವ ಜಾಗದ ತುಕ್ಕು ಅರ್ಥನ್ನು ತಿಂದುಹಾಕಿತ್ತು; ಮೊದಲನೆಯ ರೋಗದ ಕಾರಣ ಇಷ್ಟೇ.

ಎರಡನೆಯದಕ್ಕೆ ಟ್ಯಾಂಕ್ ಇಳಿಸಲೇಬೇಕಾಯಿತು. ಮೇ ತಿಂಗಳಲ್ಲಿ ಕಲಬುರಗಿಯ ಬಿಸಿಲು 40 ಡಿಗ್ರಿ ದಾಟುವುದರಿಂದ, ಪೆಟ್ರೋಲಿನ ಆವಿ ಹೆಚ್ಚುವ ಮೊದಲೇ ಎಂದು ನಸುಕಿನಲ್ಲೇ ಬಯಲಲ್ಲಿ ಕೆಲಸ ಹಿಡಿದೆವು. ಬ್ಯಾಟರಿಯ ವೈರ್ ಬಿಚ್ಚಿ, ಪೆಟ್ರೋಲನ್ನೆಲ್ಲ ಕ್ಯಾನುಗಳಿಗೆ ಇಳಿಸಿ ದೂರ ಇಟ್ಟೆವು. ತುಕ್ಕು ಹಿಡಿದ ಭಾಗಗಳನ್ನು ಸಡಿಲಿಸಲು ಮಿಸ್ತ್ರಿ ಕಬ್ಬಿಣದ ಉಳಿ ಮುಟ್ಟದೆ, ಕಿಡಿ ಹಾರದಂತೆ ಹಿತ್ತಾಳೆಯ ಸರಳನ್ನೇ ಬಳಸಿದರು.

ಹೊರಬಂದ ಯೂನಿಟ್ಟನ್ನು ನೋಡಿ ನನಗೆ ಕಾಕಾ ನೆನಪಾದರು. ಉದ್ದನೆಯ ತೋಳಿನ ತುದಿಯಲ್ಲಿ ಪೆಟ್ರೋಲಿನ ಮೇಲೆ ತೇಲುವ ಫ್ಲೋಟ್, ಇನ್ನೊಂದು ತುದಿಯಲ್ಲಿ ಸುರುಳಿಯಾಗಿ ಸುತ್ತಿದ ಸಣ್ಣ ತಂತಿಯ ಮೇಲೆ ಉಜ್ಜುತ್ತ ಸಾಗುವ ನಾಲಿಗೆ. ತುಂಬಿದ ಕಡೆಯ ಸುತ್ತುಗಳು ಹೆಚ್ಚು ಸವೆದಿರಲಿಲ್ಲ. ಖಾಲಿ ಕಡೆಯ ಸುತ್ತುಗಳು ಮಾತ್ರ ಮಿರುಗುವಷ್ಟು ಸವೆದು, ಒಂದು ಕಡೆ ತಂತಿ ಕಡಿದೇ ಹೋಗಿತ್ತು. ಸುಮಾರು 54 ಲೀಟರ್ ಹಿಡಿಯುವ ಟ್ಯಾಂಕಿನಲ್ಲಿ ಕಾಕಾ ಸದಾ ಹತ್ತು ಲೀಟರಿನ ಆಸುಪಾಸಿನಲ್ಲೇ ಓಡಾಡಿದ್ದರಿಂದ ನಾಲಿಗೆ ಅದೇ ಜಾಗವನ್ನು ವರ್ಷಗಟ್ಟಲೆ ಉಜ್ಜಿತ್ತು. ಮೀಟರನ್ನು ನಂಬದೆ ಅವರು ಹಿಡಿದ ಮಿತವ್ಯಯದ ಹಾದಿ ಮೀಟರನ್ನು ಇನ್ನಷ್ಟು ಕೆಡಿಸಿತ್ತು ಎಂದರೆ ಅವರಿದ್ದಿದ್ದರೆ ಖಂಡಿತ ವಾದಕ್ಕಿಳಿಯುತ್ತಿದ್ದರು.

ಅಷ್ಟರಲ್ಲಿ ಬಿಡಿಭಾಗಗಳ ಅಂಗಡಿಯಿಂದ ಹೊಸ ಯೂನಿಟ್ ಒಂದು ಬಂದಿತ್ತು. ಹಳೆಯದರ ಸವೆಯದ ತುದಿಯಲ್ಲಿ, ಫ್ಲೋಟನ್ನು ಪೂರ್ತಿ ಎತ್ತಿ ಹಿಡಿದಾಗ, ಮಲ್ಟಿಮೀಟರ್ ವಿದ್ಯುತ್ತಿನ ತಡೆಯನ್ನು 20 ಓಮ್ ಆಸುಪಾಸು ತೋರಿಸಿ, ಫ್ಲೋಟ್ ಇಳಿದಂತೆ ಅದು ಹೆಚ್ಚುತ್ತಿತ್ತು. ಹೊಸದರಲ್ಲಿ ಖಾಲಿಗೆ 10, ತುಂಬಿದಾಗ 180 ಓಮ್. ಯುರೋಪಿನ ಕೆಲವು ಗಾಡಿಗಳಿಗೆ ಈ ಅಳತೆಯೇ ಸರಿ; ತಡೆ ಕಡಿಮೆಯಾದಷ್ಟೂ ಮುಳ್ಳು ಏರುವ ನಮ್ಮ ಮೀಟರಿಗೆ ಜೋಡಿಸಿದ್ದರೆ ಟ್ಯಾಂಕ್ ಬರಿದಾದಂತೆಲ್ಲ ಮುಳ್ಳು ಮೇಲೇರುತ್ತಿತ್ತು. ಮೀಟರ್ ಮತ್ತು ಯೂನಿಟ್ ಜೋಡಿಯಾಗಿ ಹುಟ್ಟಿದವು. ನೋಡಲು ಒಂದೇ ತರಹ ಇದೆಯೆಂದು ಒಂದನ್ನು ಬದಲಿಸುವುದು ನನ್ನ ದೃಷ್ಟಿಯಲ್ಲಿ ದುಡ್ಡು ಕೊಟ್ಟು ತಂದುಕೊಳ್ಳುವ ತಲೆನೋವು.

ಹಳೆಯದನ್ನು ಒಣಗಿಸಿ, ಸೂಪರ್ ಮಾರ್ಕೆಟ್ ಬಳಿ ರೇಡಿಯೊ ರಿಪೇರಿ ಮಾಡುವವರಲ್ಲಿ ಒಯ್ದೆವು. ಆ ತಂತಿಗೆ ಸಾಮಾನ್ಯ ಬೆಸುಗೆ ಹಿಡಿಯುವುದಿಲ್ಲ. ಅವರು ನಾಲಿಗೆ ತಾಗದ ಹಿಂಬದಿಯಲ್ಲಿ, ಕಡಿದ ಎರಡೂ ತುದಿಗಳ ಮೇಲೆ ಕೂದಲೆಳೆಯಷ್ಟು ತಾಮ್ರದ ತಂತಿಯನ್ನು ಬಿಗಿದು, ಅದರ ಮೇಲೆ ಬೆಸುಗೆ ಇಳಿಸಿದರು. ನಾಲಿಗೆಯನ್ನು ತುಸುವೇ ಪಕ್ಕಕ್ಕೆ ಬಾಗಿಸಿದ್ದರಿಂದ ಅದು ಸವೆಯದ ಹೊಸ ದಾರಿಯಲ್ಲಿ ಉಜ್ಜತೊಡಗಿತು. ಫ್ಲೋಟನ್ನು ಕಿವಿಯ ಬಳಿ ಅಲುಗಾಡಿಸಿ, ಒಳಗೆ ಪೆಟ್ರೋಲ್ ಸೇರಿದ ಸದ್ದಿಲ್ಲವೆಂದು ಖಚಿತಪಡಿಸಿಕೊಂಡೆವು.

ಟ್ಯಾಂಕ್ ಏರಿಸುವಾಗ ಬಾಡಿಗೆ ಪ್ರತ್ಯೇಕ ಅರ್ಥ್ ವೈರ್ ಕೊಟ್ಟೆವು. ಈಗಿನ ಪೆಟ್ರೋಲಿನಲ್ಲಿ ಬೆರೆತಿರುವ ಎಥನಾಲನ್ನು ನೆನೆದು, ಬೆಂಡಿನ ಹಳೆಯ ಗ್ಯಾಸ್ಕೆಟ್ ಬದಲು ನೈಟ್ರೈಲ್ ರಬ್ಬರಿನದನ್ನು ಹಾಕಿದೆವು. ನಂತರ ಐದೈದು ಲೀಟರ್ ಸುರಿಯುತ್ತ, ಪ್ರತಿ ಸಲವೂ ಮುಳ್ಳು ನಿಲ್ಲುವವರೆಗೆ ಕಾದು, ಗಾಜಿನ ಮೇಲೆ ಪೆನ್ಸಿಲಿನಿಂದ ಗುರುತು ಮಾಡಿದೆ. ಮೊದಲ ಐದು ಲೀಟರಿಗೆ ಮುಳ್ಳು ಖಾಲಿ ಗೆರೆಯ ಮೇಲೆಯೇ ಮಲಗಿತ್ತು. ಫ್ಲೋಟಿನ ತೋಳನ್ನು ಬಗ್ಗಿಸಿ ಅದನ್ನೂ ಸರಿಮಾಡಲೇ ಎಂದು ಮಿಸ್ತ್ರಿ ಕೇಳಿದರು. ಆಳಂದದ ದಾರಿಯಲ್ಲಿ ಬಂಕ್ ಹುಡುಕಲು ಅಷ್ಟು ಉಳಿದಿರಲೆಂದು ಹಾಗೆಯೇ ಬಿಡಲು ಹೇಳಿದೆ.